ಚಳಿಗಾಲದ ಮಸಾಲೆ ವೋಡ್ಕಾ ಸವರ್: ಕಿತ್ತಳೆ, ಶುಂಠಿ, ಚಕ್ಕೆ ಹಾಕಿ ಮನೆಯಲ್ಲೇ ಮಾಡುವ ಕ್ರಮ

ಸವರ್ ಅಂದರೆ ಮದ್ಯಕ್ಕೆ ಹುಳಿ, ಸಿಹಿ ಸೇರಿಸಿ ಕುಲುಕಿ ಮಾಡುವ ಪಾನೀಯ. ಮನೆಯಲ್ಲಿ ಮಾಡಿದ ವೋಡ್ಕಾ ಸವರ್ ಹೆಚ್ಚಾಗಿ ನಾಲ್ಕು ಬಗೆಯಲ್ಲಿ ಕೆಡುತ್ತದೆ. ನೀರುನೀರಾಗುತ್ತದೆ, ನೊರೆ ನಿಲ್ಲುವುದಿಲ್ಲ, ಲವಂಗದ ಘಾಟಿಗೆ ನಾಲಗೆ ಮರಗಟ್ಟುತ್ತದೆ, ಇಲ್ಲವೇ ಹುಳಿಯೇ ಇಲ್ಲದೆ ಕಿತ್ತಳೆ ಜ್ಯೂಸಿಗೆ ವೋಡ್ಕಾ ಬೆರೆಸಿದ ಹಾಗಿರುತ್ತದೆ. ಈ ನಾಲ್ಕಕ್ಕೂ ಕಾರಣ ದುಬಾರಿ ಬಾಟಲಿ ಇಲ್ಲದಿರುವುದಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಳತೆ ಕಣ್ಣಂದಾಜಿನದಾಗಿರುತ್ತದೆ.

ಕ್ರಮ ಹೀಗೆ: ಮಸಾಲೆ ಪಾಕದಲ್ಲಿ ಇಳಿಯಬೇಕು, ಹುಳಿ ನಿಂಬೆಯಿಂದ ಬರಬೇಕು, ಕಿತ್ತಳೆ ಪರಿಮಳಕ್ಕಷ್ಟೇ ಇರಬೇಕು, ನೊರೆ ಐಸ್ ಬೀಳುವ ಮೊದಲೇ ಏಳಬೇಕು. ಪಾಕವನ್ನು ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಲೋಟ ಸಿದ್ಧಪಡಿಸುವ ಕೆಲಸ ಐದು ನಿಮಿಷದ್ದು.

## ಒಂದು ಲೋಟಕ್ಕೆ ಅಳತೆ

- ಸಾದಾ ವೋಡ್ಕಾ: 60 ಮಿ.ಲೀ.
- ಆಗಷ್ಟೇ ಹಿಂಡಿದ ನಿಂಬೆರಸ: 25 ಮಿ.ಲೀ.
- ಮಸಾಲೆ ಪಾಕ: 20 ಮಿ.ಲೀ.
- ಕಿತ್ತಳೆ ರಸ: 20 ಮಿ.ಲೀ.
- ಮೊಟ್ಟೆಯ ಬಿಳಿ: 15 ಮಿ.ಲೀ. (ಅದರ ಬದಲಿಗೆ ಕಾಬೂಲಿ ಕಡಲೆ ಬೇಯಿಸಿದ ನೀರು 25 ಮಿ.ಲೀ.)
- ಐಸ್: 150ರಿಂದ 180 ಗ್ರಾಂ
- ಮೇಲಕ್ಕೆ: ಒಂದು ಚೂರು ಕಿತ್ತಳೆ ಸಿಪ್ಪೆ, ಚಿಟಿಕೆಗಿಂತ ಕಡಿಮೆ ತುರಿದ ಜಾಯಿಕಾಯಿ

ಐಸ್ ಕರಗಿದ ನೀರೂ ಸೇರಿ ಒಟ್ಟು ಸುಮಾರು 175 ಮಿ.ಲೀ. ಆಗುತ್ತದೆ. ನೊರೆಗೂ ಜಾಗ ಬೇಕು, ಹಾಗಾಗಿ 200 ಮಿ.ಲೀ.ಗಿಂತ ಚಿಕ್ಕ ಲೋಟ ಸಾಲದು.

ಕಿತ್ತಳೆ ರಸ ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಂಬೆರಸದಲ್ಲಿ ಹುಳಿಯ ಅಂಶ ಸುಮಾರು ಶೇ. 6ರಷ್ಟಿದೆ, ಸಿಹಿ ಕಿತ್ತಳೆಯಲ್ಲಿ ಶೇ. 1ರ ಆಸುಪಾಸು. ನಿಂಬೆ ಬಿಟ್ಟು ಕಿತ್ತಳೆಯನ್ನೇ ನಂಬಿದರೆ ಬೇಕಾದ ಹುಳಿಗೆ ಲೋಟದ ತುಂಬ ರಸ ಸುರಿಯಬೇಕಾಗುತ್ತದೆ, ಅಷ್ಟರಲ್ಲಿ ಉಳಿದ ರುಚಿಯೆಲ್ಲ ತೆಳುವಾಗಿ ಹೋಗಿರುತ್ತದೆ. ಕಿತ್ತಳೆಯ ನಿಜವಾದ ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ಅದನ್ನು ಪಾಕಕ್ಕೆ ಇಳಿಸುತ್ತೇವೆ.

ನಮ್ಮಲ್ಲಿ ಸಿಗುವ ವೋಡ್ಕಾ ಹೆಚ್ಚಾಗಿ ಶೇ. 42.8 ಮದ್ಯಸಾರದ್ದು, ಹೊರದೇಶಗಳಲ್ಲಿ ಶೇ. 40ರದ್ದು. ಈ ವ್ಯತ್ಯಾಸಕ್ಕಾಗಿ ಅಳತೆ ಬದಲಿಸಬೇಕಿಲ್ಲ. ಆದರೆ ಕಿತ್ತಳೆ ಅಥವಾ ಹಸಿರು ಸೇಬಿನ ಫ್ಲೇವರ್ ಹಾಕಿದ ವೋಡ್ಕಾ ಬೇಡ. ಆ ಕೃತಕ ಪರಿಮಳ ಚಕ್ಕೆ, ಶುಂಠಿಯ ಜೊತೆ ಹೊಂದುವುದೇ ಇಲ್ಲ.

## ಬೇಕಾದ ಸಲಕರಣೆ

ಶೇಕರ್ (ಪಾನೀಯ ಕುಲುಕಿ ಬೆರೆಸುವ ಮುಚ್ಚಳದ ಪಾತ್ರೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಗಲ ಬಾಯಿಯ, ತಿರುಪು ಮುಚ್ಚಳದ ಸ್ಟೀಲ್ ಬಾಟಲಿ ಸಾಕು. 500 ಮಿ.ಲೀ.ಗಿಂತ ಚಿಕ್ಕದಾದರೆ ಒಳಗೆ ಐಸ್ ಓಡಾಡಲು ಜಾಗ ಸಿಗದು. ಬಾಟಲಿಯ ಮುಚ್ಚಳದ ರಬ್ಬರ್ ರಿಂಗನ್ನು ಬಿಚ್ಚಿ ಮೂಸಿ ನೋಡಿ. ಸಾಂಬಾರು, ಮಜ್ಜಿಗೆ ಹುಳಿಯ ವಾಸನೆ ಅಡಗಿ ಕೂರುವ ಜಾಗ ಅದು. ವೋಡ್ಕಾಗೆ ತನ್ನದೇ ಆದ ರುಚಿ ಇಲ್ಲದ ಕಾರಣ ಆ ವಾಸನೆ ನೇರವಾಗಿ ಪಾನೀಯಕ್ಕೆ ಬರುತ್ತದೆ. ತೆಳುವಾದ ಗಾಜಿನ ಜಾಡಿಯಲ್ಲಿ ಐಸ್ ಹಾಕಿ ಕುಲುಕಬೇಡಿ, ಒಡೆದರೆ ಕೈಗೆ ಅಪಾಯ.

ಅಳತೆಗೆ ಜಿಗ್ಗರ್ ಇಲ್ಲದವರು ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಪುಟ್ಟ ಕಪ್ ತೊಳೆದು ಬಳಸಿ. 5, 10 ಮಿ.ಲೀ. ಗೆರೆಗಳು ಅದರಲ್ಲಿ ಸ್ಪಷ್ಟವಾಗಿರುತ್ತವೆ. ಪೆಗ್ ಅಳತೆಯಲ್ಲಿ 30, 60 ಮಾತ್ರ ಸಿಗುತ್ತದೆ. ವೋಡ್ಕಾಗೆ ಅದು ಸರಿ, ನಿಂಬೆರಸಕ್ಕೆ ಆಗದು. ನಿಂಬೆರಸದಲ್ಲಿ 5 ಮಿ.ಲೀ. ಹೆಚ್ಚುಕಡಿಮೆಯಾದರೆ ಇಡೀ ಲೋಟದ ರುಚಿ ಬದಲಾಗುತ್ತದೆ.

ಉಳಿದಂತೆ ಸಣ್ಣ ಕಣ್ಣಿನ ಟೀ ಜರಡಿ, ಮುಚ್ಚಳವಿರುವ ಸಣ್ಣ ಪಾತ್ರೆ, ತರಕಾರಿ ಸಿಪ್ಪೆ ತೆಗೆಯುವ ಪೀಲರ್, ಕುಟ್ಟಾಣಿ, ಸಣ್ಣ ತುರಿಮಣೆ. ಅಡುಗೆಮನೆಯ ತೂಕದ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 240 ಮಿ.ಲೀ. ಕಪ್‌ನ ಭರ್ತಿ ಸಕ್ಕರೆ ಸುಮಾರು 200 ಗ್ರಾಂ ಎಂದು ಲೆಕ್ಕ ಹಿಡಿಯಿರಿ.

## ಹಂತ 1: ಹಿಂದಿನ ದಿನವೇ ಐಸ್

ಫ್ರೀಜರಿನಿಂದ ತೆಗೆದು ಹೊರಗೆ ಹತ್ತು ನಿಮಿಷ ಇಟ್ಟ ಐಸಿನ ಮೇಲೆ ನೀರಿನ ಪದರ ಕಟ್ಟಿರುತ್ತದೆ. ಅದನ್ನೇ ಶೇಕರಿಗೆ ಹಾಕಿದರೆ ಕುಲುಕುವ ಮೊದಲೇ ಪಾನೀಯಕ್ಕೆ ನೀರು ಬೆರೆತ ಹಾಗೆ. ಐಸನ್ನು ಕೊನೇ ಗಳಿಗೆಯಲ್ಲಿ ಹೊರತೆಗೆಯಿರಿ. ಒದ್ದೆಯಾಗಿದ್ದರೆ ಜರಡಿಗೆ ಸುರಿದು ನೀರು ಬಸಿದು ಹಾಕಿ.

ದೊಡ್ಡ ತುಂಡು ನಿಧಾನಕ್ಕೆ ಕರಗುತ್ತದೆ. ಟ್ರೇ ಚಿಕ್ಕದಾಗಿದ್ದರೆ ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ಇಂಚು ನೀರು ಗಟ್ಟಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಲಟ್ಟಣಿಗೆಯಿಂದ ಹೊಡೆದು ನಿಂಬೆ ಗಾತ್ರದ ತುಂಡು ಮಾಡಿಕೊಳ್ಳಿ. ಟ್ರೇಗೆ ಮುಚ್ಚಳ ಇರಲಿ. ಮೀನು, ಈರುಳ್ಳಿ ಇಟ್ಟ ಫ್ರೀಜರಿನಲ್ಲಿ ತೆರೆದಿಟ್ಟ ಐಸ್ ಆ ವಾಸನೆಯನ್ನೆಲ್ಲ ಹೀರಿಕೊಂಡಿರುತ್ತದೆ.

ವೋಡ್ಕಾ ಬಾಟಲಿಯನ್ನು ಫ್ರೀಜರಿನಲ್ಲಿ ಇಡಬೇಡಿ. ಮೊದಲೇ ಕೊರೆಯುವಷ್ಟು ತಣ್ಣಗಿದ್ದರೆ ಐಸ್ ಸಾಕಷ್ಟು ಕರಗುವುದಿಲ್ಲ, ಸವರ್ ಖಡಕ್ಕಾಗಿ ಗಂಟಲು ಉರಿಸುತ್ತದೆ. ಕರಗುವ ಆ ನೀರೂ ಈ ಅಳತೆಯ ಒಂದು ಭಾಗವೇ.

## ಹಂತ 2: ಮೊದಲು ಸಿಪ್ಪೆ, ಆಮೇಲೆ ರಸ

ಹಣ್ಣು ಹಿಂಡಿದ ಮೇಲೆ ಸಿಪ್ಪೆ ಹೆರೆಯಲು ಹೋದರೆ ಅದು ಮೆತ್ತಗಾಗಿ ಹಿಡಿತಕ್ಕೆ ಸಿಗುವುದಿಲ್ಲ. ಎರಡು ಕಿತ್ತಳೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಅಂಗಡಿಯ ಹೊಳೆಯುವ ಹಣ್ಣಿಗೆ ಮೇಣ ಬಳಿದಿರಬಹುದು.

ಸಿಕ್ಕರೆ ಕೊಡಗಿನ ಕಿತ್ತಳೆ ತನ್ನಿ. ಹಸಿರು ಹಳದಿ ಮಿಶ್ರ ಬಣ್ಣದ, ಸಿಪ್ಪೆ ಬಿಗಿಯಾಗಿ ಅಂಟಿಕೊಂಡ ಹಣ್ಣು ಅದು. ರಸದಲ್ಲಿ ಸಿಹಿಯ ಜೊತೆ ಹುಳಿಯೂ ಇರುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಪೀಲರಿಗೂ ಚೆನ್ನಾಗಿ ಸಿಗುತ್ತದೆ. ನಾಗಪುರದ ಕಿತ್ತಳೆಯ ಸಿಪ್ಪೆ ಸಡಿಲ, ಪೀಲರ್ ಜಾರುತ್ತದೆ. ಅದನ್ನು ಕೈಯಿಂದಲೇ ಸುಲಿದು, ಒಳಗಿನ ಬಿಳಿ ಪದರವನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಕಹಿ ಇರುವುದು ಆ ಬಿಳಿಯಲ್ಲೇ.

ಸಿಪ್ಪೆಯ ಪಟ್ಟಿಗಳನ್ನು 200 ಗ್ರಾಂ ಸಕ್ಕರೆಗೆ ಹಾಕಿ, ಸೌಟಿನ ಹಿಂಭಾಗದಿಂದ ಒತ್ತಿ ತಿಕ್ಕಿ, ಮುಚ್ಚಿ ಎರಡು ಮೂರು ಗಂಟೆ ಬಿಡಿ. ಸಕ್ಕರೆ ಒದ್ದೆಯಾಗಿ, ತಿಳಿ ಹಳದಿಗೆ ತಿರುಗಿ, ಡಬ್ಬಿ ತೆರೆದ ಕೂಡಲೇ ಘಮ್ಮೆಂದರೆ ಎಣ್ಣೆ ಇಳಿದಿದೆ ಎಂದರ್ಥ. ಸಕ್ಕರೆ ಇನ್ನೂ ಒಣಗಿದ್ದರೆ ಸಿಪ್ಪೆ ಹಳೆಯದು. ಇನ್ನೊಂದು ಹಣ್ಣಿನ ಸಿಪ್ಪೆ ಸೇರಿಸಿ.

ಸುಲಿದ ಹಣ್ಣನ್ನು ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ರಸ ತೆಗೆಯಿರಿ. ಬೀಜ ಸಮೇತ ಮಿಕ್ಸಿಗೆ ಹಾಕಿದರೆ ರಸ ಕಹಿಯಾಗುತ್ತದೆ. ಕೈಯಲ್ಲಿ ಹಿಂಡಿ ಜರಡಿ ಹಿಡಿಯಿರಿ.

## ಹಂತ 3: ಮಸಾಲೆ ನೀರು

ಇಡೀ ಕೆಲಸದ ಪ್ರಾಣ ಇಲ್ಲಿದೆ. ಎಲ್ಲ ಮಸಾಲೆಯನ್ನೂ ಒಟ್ಟಿಗೆ ಹಾಕಿ ಕುದಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಚಕ್ಕೆಗೆ ಬೇಯುವ ಹೊತ್ತು ಬೇಕು. ಲವಂಗ, ಏಲಕ್ಕಿಗೆ ಬಿಸಿನೀರಿನಲ್ಲಿ ನೆನೆದರೆ ಸಾಕು, ಕುದಿಸಿದರೆ ಲವಂಗ ಘಾಟಾಗುತ್ತದೆ, ಏಲಕ್ಕಿಯ ಸುವಾಸನೆ ಹಬೆಯಲ್ಲಿ ಹಾರಿಹೋಗುತ್ತದೆ.

ಬೇಕಾಗುವುದು:

- ನೀರು: 240 ಮಿ.ಲೀ.
- ಚಕ್ಕೆ: ಬೆರಳುದ್ದದ ಒಂದು ತುಂಡು (ಸುಮಾರು 4 ಗ್ರಾಂ)
- ಕಾಳುಮೆಣಸು: 10
- ಹಸಿ ಶುಂಠಿ: 25 ಗ್ರಾಂ
- ಏಲಕ್ಕಿ: 4
- ಲವಂಗ: 3
- ಉಪ್ಪು: ಚಿಟಿಕೆ

ಚಕ್ಕೆಯನ್ನು ಒಮ್ಮೆ ಕಣ್ಣಿಟ್ಟು ನೋಡಿ. ದಪ್ಪ ತೊಗಟೆಯ, ಒರಟಾದ, ಮುರಿಯಲು ಬಲ ಬೇಕಾದದ್ದು ಕ್ಯಾಸಿಯಾ. ದಿನಸಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಅದೇ, ಖಾರ ಜೋರು. ಕಾಗದದ ಸುರುಳಿಯಂತೆ ತೆಳು ಪದರಗಳಿದ್ದು ಬೆರಳಲ್ಲೇ ಪುಡಿಯಾಗುವುದು ನಿಜವಾದ ದಾಲ್ಚಿನ್ನಿ, ಅದರ ರುಚಿ ಸೌಮ್ಯ. ಮೇಲಿನ ಅಳತೆ ಕ್ಯಾಸಿಯಾಕ್ಕೆ. ತೆಳು ಪದರದ್ದಾದರೆ ಒಂದೂವರೆ ಪಟ್ಟು ಹಾಕಿ.

ಕಾಳುಮೆಣಸನ್ನು ಕುಟ್ಟಾಣಿಯಲ್ಲಿ ಒಂದೇ ಏಟಿಗೆ ಬಿರಿಯುವಷ್ಟು ಜಜ್ಜಿ. ಪಾತ್ರೆಯಲ್ಲಿ ಚಕ್ಕೆ, ಮೆಣಸನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ. ಘಮ ಏಳಬೇಕು, ಹೊಗೆ ಏಳಬಾರದು. ಹೊಗೆ ಕಂಡರೆ ಚೆಲ್ಲಿ ಹೊಸದು ತೆಗೆದುಕೊಳ್ಳಿ, ಸುಟ್ಟ ಕಹಿಯನ್ನು ಸಕ್ಕರೆ ಮುಚ್ಚಿಡುವುದಿಲ್ಲ.

ನೀರು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ 6 ನಿಮಿಷ ಬೇಯಿಸಿ. ಒಲೆ ಆರಿಸಿದ ಮೇಲೆ ಜಜ್ಜಿದ ಶುಂಠಿ, ಬಾಯಿ ಬಿಡಿಸಿದ ಏಲಕ್ಕಿ, ಇಡೀ ಲವಂಗ, ಉಪ್ಪು ಹಾಕಿ ತಕ್ಷಣ ಮುಚ್ಚಿ 15 ನಿಮಿಷ ಬಿಡಿ. ಆಮೇಲೆ ಒಂದು ಹನಿ ನಾಲಗೆಗೆ ಹಚ್ಚಿ ನೋಡಿ. ಶುಂಠಿ ಮುಂದೆ, ಚಕ್ಕೆ ಹಿಂದೆ ಬಂದರೆ ಸರಿ. ನಾಲಗೆಯ ತುದಿ ಜುಮ್ಮೆಂದರೆ ಲವಂಗ ಹೆಚ್ಚು ಇಳಿದಿದೆ, ಇನ್ನೊಂದು ನಿಮಿಷವೂ ಕಾಯದೆ ಸೋಸಿಬಿಡಿ.

ಪುಡಿ ಮಸಾಲೆ ಬೇಡ. ಚಕ್ಕೆ ಪುಡಿ ನೀರಿನಲ್ಲಿ ಲೋಳೆಯಾಗುತ್ತದೆ, ಜರಡಿಯಲ್ಲೂ ನಿಲ್ಲುವುದಿಲ್ಲ, ನೊರೆಯ ಮೇಲೆ ಕೆಸರಿನಂತೆ ತೇಲುತ್ತದೆ. ಗರಂ ಮಸಾಲೆಯಲ್ಲಿ ಕೊತ್ತಂಬರಿ ಬೀಜ, ಜೀರಿಗೆ ಇರುವುದರಿಂದ ಲೋಟದಲ್ಲಿ ಪಲಾವಿನ ವಾಸನೆ ಬರುತ್ತದೆ.

ಮಸಾಲೆಯನ್ನು ನೇರವಾಗಿ ವೋಡ್ಕಾ ಬಾಟಲಿಗೆ ಹಾಕಿ ವಾರಗಟ್ಟಲೆ ಇಡುವವರೂ ಇದ್ದಾರೆ. ಮದ್ಯಸಾರ ನೀರಿಗಿಂತ ಚುರುಕಾಗಿ ಲವಂಗದ ಎಣ್ಣೆಯನ್ನೂ ತೊಗಟೆಯ ಒಗರನ್ನೂ ಎಳೆಯುತ್ತದೆ. ಇಡೀ ಬಾಟಲಿ ಕೆಟ್ಟರೆ ಸರಿಪಡಿಸುವ ದಾರಿ ಇಲ್ಲ. ಪಾಕ ಕೆಟ್ಟರೆ ನಷ್ಟ ಒಂದು ಕಪ್ ಸಕ್ಕರೆ ಮಾತ್ರ.

## ಹಂತ 4: ಪಾಕ ಕೂಡಿಸುವುದು

ಸೋಸಿದ ಮಸಾಲೆ ನೀರನ್ನು ಅಳೆಯಿರಿ. ಸರಿಯಾಗಿ 200 ಮಿ.ಲೀ. ಇರಬೇಕು. ಕಡಿಮೆಯಿದ್ದರೆ ಬಿಸಿನೀರು ಸೇರಿಸಿ ತುಂಬಿಸಿ, ಹೆಚ್ಚಿದ್ದರೆ ಉಳಿದದ್ದನ್ನು ಚಹಾಕ್ಕೆ ಬಳಸಿ. ಈ ಅಳತೆ ತಪ್ಪಿದರೆ ಪಾಕದ ಸಿಹಿ ಪ್ರತಿ ಸಲವೂ ಬೇರೆಯಾಗುತ್ತದೆ, ನಿಂಬೆಯ ಲೆಕ್ಕ ಯಾವತ್ತೂ ಕೂಡಿಬರುವುದಿಲ್ಲ.

ಬಿಸಿಯಾಗಿರುವಾಗಲೇ ಅದನ್ನು ಸಿಪ್ಪೆ ಬೆರೆತ ಸಕ್ಕರೆಯ ಮೇಲೆ ಸುರಿದು, ಕರಗುವ ತನಕ ಕಲಕಿ. ಮತ್ತೆ ಒಲೆಯ ಮೇಲೆ ಇಡಬೇಡಿ. ಸಿಪ್ಪೆ ಕುದಿದರೆ ಕಹಿ ಬಿಡುತ್ತದೆ. ಇನ್ನೊಂದು ಕಾರಣವೂ ಇದೆ. ಜಾಮೂನು, ಉಂಡೆಗೆ ಪಾಕ ಹಿಡಿದು ಅಭ್ಯಾಸವಿರುವ ಕೈ ತಾನಾಗಿ ಎಳೆ ನೋಡಲು ಹೋಗುತ್ತದೆ. ಒಂದೆಳೆ ಪಾಕ ಇಲ್ಲಿ ವಿಪರೀತ ಗಟ್ಟಿ. ತಣ್ಣಗಾದ ಮೇಲೆ ಹರಳುಗಟ್ಟುತ್ತದೆ, ಅದೇ 20 ಮಿ.ಲೀ.ನಲ್ಲಿ ಸಿಹಿ ಮಿತಿಮೀರುತ್ತದೆ. ನಮಗೆ ಬೇಕಾದದ್ದು ಚಮಚದಿಂದ ಹೆಚ್ಚುಕಡಿಮೆ ನೀರಿನಂತೆಯೇ ಸುರಿಯುವ ತೆಳು ಪಾಕ.

ಹತ್ತು ನಿಮಿಷ ಬಿಟ್ಟು ಸಿಪ್ಪೆ ಸೋಸಿ, ಪೂರ್ತಿ ಆರಿಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಸುಮಾರು 300 ಮಿ.ಲೀ. ಬರುತ್ತದೆ, 15 ಲೋಟಕ್ಕೆ ಸಾಕು. ಎರಡು ವಾರ ಚೆನ್ನಾಗಿರುತ್ತದೆ. ಮೇಲೆ ಬಿಳಿ ಪೊರೆ, ಸಣ್ಣ ಗುಳ್ಳೆ ಅಥವಾ ಹುಳಿತ ವಾಸನೆ ಕಂಡರೆ ಚೆಲ್ಲಿ. ತಳದಲ್ಲಿ ಶುಂಠಿಯ ಬಿಳಿ ಗಸಿ ಕೂತರೆ ಅದು ಕೆಟ್ಟದ್ದಲ್ಲ, ಅಲುಗಾಡಿಸಿ ಬಳಸಿ.

ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ? ಹಾಕಬಹುದು, ಶುಂಠಿಯ ಜೊತೆ ಬೆಲ್ಲ ಚೆನ್ನಾಗಿ ಕೂಡುತ್ತದೆ. ಆದರೆ ಬೆಲ್ಲದ ಸ್ವಂತ ರುಚಿ ಕಿತ್ತಳೆಯನ್ನು ಹಿಂದಕ್ಕೆ ತಳ್ಳುತ್ತದೆ, ಬಣ್ಣವೂ ಕಂದಾಗುತ್ತದೆ. 150 ಗ್ರಾಂ ಸಕ್ಕರೆಗೆ 50 ಗ್ರಾಂ ಬೆಲ್ಲ ಸಾಕು. ಬೆಲ್ಲವನ್ನು ಮಸಾಲೆ ನೀರಿನಲ್ಲೇ ಮೊದಲು ಕರಗಿಸಿ ಬಟ್ಟೆಯಲ್ಲಿ ಸೋಸಿ, ಕಸ ಮರಳು ಇರುತ್ತದೆ.

## ಹಂತ 5: ನಿಂಬೆ

ತೆಳು ಸಿಪ್ಪೆಯ, ಹಳದಿಗೆ ತಿರುಗಿದ, ಕೈಯಲ್ಲಿ ಭಾರ ಎನಿಸುವ ನಿಂಬೆ ಆರಿಸಿ. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬರುವ ನಿಂಬೆಯಲ್ಲಿ ರಸ ಚೆನ್ನಾಗಿರುತ್ತದೆ. ಒಂದು ಮಧ್ಯಮ ಹಣ್ಣಿಗೆ 15ರಿಂದ 20 ಮಿ.ಲೀ. ರಸ, ಹಾಗಾಗಿ ಲೋಟಕ್ಕೆ ಎರಡು ಹಣ್ಣು ಇಟ್ಟುಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಹಣ್ಣಾದರೆ ಬೆಚ್ಚನೆ ನೀರಿನಲ್ಲಿ ಐದು ನಿಮಿಷ ಇಟ್ಟು, ಹಲಗೆಯ ಮೇಲೆ ಅಂಗೈಯಲ್ಲಿ ಒತ್ತಿ ಉರುಳಿಸಿ.

ಅಮೆರಿಕ, ಯುರೋಪಿನಲ್ಲಿರುವವರಿಗೆ ಸಿಗುವ ಬೀಜವಿಲ್ಲದ ದಪ್ಪ ಹಸಿರು ನಿಂಬೆಯಾಗಲಿ, ಹಳದಿ ಲೆಮನ್ ಆಗಲಿ ನಡೆಯುತ್ತದೆ. ಹುಳಿ ಹೆಚ್ಚುಕಡಿಮೆ ಅಷ್ಟೇ. ಲೆಮನ್ನಿನ ಸುವಾಸನೆ ಕಿತ್ತಳೆಯ ಜೊತೆ ಇನ್ನೂ ಚೆನ್ನಾಗಿ ಹೊಂದುತ್ತದೆ.

ಹಿಂಡಿದ ರಸವನ್ನು ಆ ಸಂಜೆಯೇ ಮುಗಿಸಿ. ಬಾಟಲಿಯಲ್ಲಿ ಬರುವ ನಿಂಬೆರಸಕ್ಕೆ ಬೇಯಿಸಿದ ವಾಸನೆ ಇರುತ್ತದೆ. ಅದು ಅಡುಗೆಯಲ್ಲಿ ಗೊತ್ತಾಗದು, ವೋಡ್ಕಾದಲ್ಲಿ ಎದ್ದು ಕಾಣುತ್ತದೆ.

## ಹಂತ 6: ನೊರೆಗೆ ಮೊಟ್ಟೆ ಅಥವಾ ಕಡಲೆ ನೀರು

ನೊರೆಯ ಕೆಲಸ ಬರೀ ನೋಟಕ್ಕಲ್ಲ. ಹುಳಿಯ ಚೂಪನ್ನು ಅದು ಮೆತ್ತಗೆ ಮಾಡುತ್ತದೆ, ಜಾಯಿಕಾಯಿ ಮುಳುಗದೆ ಮೂಗಿನ ಹತ್ತಿರವೇ ನಿಲ್ಲುತ್ತದೆ.

ಮೊಟ್ಟೆ. ತಾಜಾ ಮೊಟ್ಟೆಯೇ ಬೇಕು. ನೀರಿನಲ್ಲಿ ಹಾಕಿದರೆ ತಳದಲ್ಲಿ ಅಡ್ಡ ಮಲಗಬೇಕು, ತೇಲಿದರೆ ಬಿಡಿ. ಹೊರಗಿನ ಚಿಪ್ಪನ್ನು ತೊಳೆದು ಒರೆಸಿ, ಬೇರೆ ಬಟ್ಟಲಿಗೆ ಒಡೆಯಿರಿ. ನೇರ ಶೇಕರಿಗೆ ಒಡೆದರೆ ಹಳದಿ ಬೀಳುವ ಅಪಾಯ. ಹಳದಿಯ ಕೊಬ್ಬು ಒಂದು ಹನಿ ಬಿದ್ದರೂ ನೊರೆ ಸೊರಗುತ್ತದೆ. ಬಿಳಿಯನ್ನು ಫೋರ್ಕಿನಿಂದ ಸ್ವಲ್ಪ ಕಲಕಿದರೆ ಲೋಳೆ ಒಡೆದು ಅಳೆಯಲು ಬರುತ್ತದೆ. ಒಂದು ಮೊಟ್ಟೆಯ ಬಿಳಿ ಸುಮಾರು 30 ಮಿ.ಲೀ., ಅಂದರೆ ಎರಡು ಲೋಟಕ್ಕೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಸಾಧ್ಯತೆ ಇದ್ದೇ ಇದೆ. ಮದ್ಯ, ನಿಂಬೆ ಅದನ್ನು ಕೊಲ್ಲುತ್ತವೆ ಎಂದು ನಂಬಬೇಡಿ. ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಪಾಶ್ಚರೀಕರಿಸಿದ ಬಿಳಿ ಅಥವಾ ಕಡಲೆ ನೀರೇ ಸರಿ.

ಕಡಲೆ ನೀರು. 100 ಗ್ರಾಂ ಕಾಬೂಲಿ ಕಡಲೆ ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, 300 ಮಿ.ಲೀ. ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ. ಉಪ್ಪು ಬೇಡ, ಅಡುಗೆ ಸೋಡಾ ಖಂಡಿತ ಬೇಡ. ಸೋಡಾ ನಿಂಬೆಯ ಹುಳಿಯನ್ನು ಕೊಲ್ಲುತ್ತದೆ, ಸಾಬೂನಿನ ರುಚಿ ಕೊಡುತ್ತದೆ. ಕಡಲೆ ಅದೇ ನೀರಿನಲ್ಲಿ ಪೂರ್ತಿ ಆರಲಿ, ಆಮೇಲೆ ಸೋಸಿ. ನೀರು ಬೆರಳಿಗೆ ಜಿಗುಟೆನಿಸಬೇಕು, ಮೊಟ್ಟೆಯ ಬಿಳಿಯಷ್ಟು ಮಂದ ಇರಬೇಕು. ತೆಳುವಾಗಿದ್ದರೆ ಮತ್ತೆ ಕುದಿಸಿ ಇಂಗಿಸಿ. ಕಡಲೆ ನೀರಿನಲ್ಲಿ ನೊರೆ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಬಿಟ್ಟದ್ದು ಈ ಇಂಗಿಸುವ ಕೆಲಸವನ್ನೇ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಕಪ್ಪು ಕಡಲೆಯ ನೀರೂ ನೊರೆ ಕೊಡುತ್ತದೆ, ಆದರೆ ಬಣ್ಣ ಕಂದು, ಉಸುಲಿಯ ವಾಸನೆ ಉಳಿಯುತ್ತದೆ.

## ಹಂತ 7: ಬೆರೆಸಿ ರುಚಿ ನೋಡುವುದು

ಲೋಟವನ್ನು ಈಗ ಫ್ರೀಜರಿನಲ್ಲಿಡಿ, ಹತ್ತು ನಿಮಿಷ ಸಾಕು.

ಶೇಕರಿಗೆ ಮೊದಲು ನಿಂಬೆರಸ, ಪಾಕ, ಕಿತ್ತಳೆ ರಸ, ಆಮೇಲೆ ವೋಡ್ಕಾ. ಅಗ್ಗದ್ದು ಮೊದಲು ಹಾಕಿದರೆ ಅಳತೆ ತಪ್ಪಿದಾಗ ಚೆಲ್ಲುವುದು ರಸವನ್ನು ಮಾತ್ರ. ಕಲಕಿ, ಚಮಚದ ತುದಿಯಲ್ಲಿ ಒಂದು ಹನಿ ರುಚಿ ನೋಡಿ. ಈ ಘಟ್ಟದಲ್ಲಿ ಅದು ಸ್ವಲ್ಪ ಅತಿ ಹುಳಿ, ಸ್ವಲ್ಪ ಅತಿ ಸಿಹಿ ಎನಿಸಬೇಕು. ತಣ್ಣಗಾದಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಕರಗಿದ ನೀರು ಎರಡನ್ನೂ ತಗ್ಗಿಸುತ್ತದೆ. ಈಗಲೇ ಹದವಾಗಿದೆ ಎನಿಸಿದರೆ ಲೋಟದಲ್ಲಿ ಸಪ್ಪೆಯಾಗುತ್ತದೆ. ತಿದ್ದುವುದಾದರೆ ಒಂದು ಸಲಕ್ಕೆ 5 ಮಿ.ಲೀ. ಮಾತ್ರ.

ಮೊಟ್ಟೆಯ ಬಿಳಿ ಕೊನೆಯಲ್ಲಿ. ಹಾಕಿದ ತಕ್ಷಣ ಕುಲುಕಬೇಕು. ಹುಳಿ ಮತ್ತು ಮದ್ಯಸಾರದಲ್ಲಿ ಸುಮ್ಮನೆ ಕೂತರೆ ಬಿಳಿ ಬೆಂದಂತಾಗಿ ದಾರದ ಎಳೆಗಳು ಕಾಣಿಸುತ್ತವೆ. ಎಳೆ ಕಂಡ ಮೇಲೆ ನೊರೆಯ ಆಸೆ ಬಿಡಿ.

## ಹಂತ 8: ಐಸ್ ಇಲ್ಲದೆ ಕುಲುಕುವುದು

ಮುಚ್ಚಳ ಬಿಗಿದು, ಒಂದು ಕೈ ಮುಚ್ಚಳದ ಮೇಲೆ, ಇನ್ನೊಂದು ತಳದಲ್ಲಿ ಇಟ್ಟು 20 ಸೆಕೆಂಡು ಜೋರಾಗಿ ಕುಲುಕಿ. ಕಡಲೆ ನೀರಾದರೆ 30 ಸೆಕೆಂಡು. ಐಸ್ ಇದ್ದಾಗ ಒಳಗಿನ ಗಾಳಿ ತಣ್ಣಗಾಗಿ ಮುಚ್ಚಳವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಈಗ ಆ ಹಿಡಿತ ಇರುವುದಿಲ್ಲ, ಸಡಿಲ ಬಿಟ್ಟರೆ ಅಡುಗೆಮನೆಯ ಗೋಡೆಗೆಲ್ಲ ಹಾರುತ್ತದೆ. ಸಿಂಕಿನ ಮುಂದೆ ನಿಂತು ಮಾಡಿ.

ಮೊದಲಿಗೆ ನೀರು ಬಡಿಯುವ ಸದ್ದು ಕೇಳಿಸುತ್ತದೆ, ನೊರೆ ಏಳುತ್ತಿದ್ದಂತೆ ಅದು ಮಂದವಾಗುತ್ತದೆ. ಸದ್ದು ಮಂದವಾಗದಿದ್ದರೆ ನಿಲ್ಲಿಸಬೇಡಿ. ಕೈ ಸೋಲುವವರು ಕಾಫಿಗೆ ನೊರೆ ಬರಿಸುವ ಬ್ಯಾಟರಿ ಕಡ್ಡಿಯನ್ನು 15 ಸೆಕೆಂಡು ಆಡಿಸಬಹುದು, ಫಲ ಅಷ್ಟೇ ಚೆನ್ನಾಗಿರುತ್ತದೆ.

ಪಾತ್ರೆಯಲ್ಲಿ ಎಣ್ಣೆಯ ಅಂಶ ಇದ್ದರೆ ಎಷ್ಟು ಕುಲುಕಿದರೂ ವ್ಯರ್ಥ. ಬಳಸುವ ಮುನ್ನ ಹಿಂಡಿದ ನಿಂಬೆ ಹೋಳಿನಿಂದಲೇ ಒಳಭಾಗ ಉಜ್ಜಿ ತೊಳೆದುಕೊಳ್ಳಿ.

## ಹಂತ 9: ಐಸ್ ಹಾಕಿ ಕುಲುಕುವುದು

ಶೇಕರಿನ ಮೂರರಲ್ಲಿ ಎರಡು ಭಾಗ ಐಸ್ ತುಂಬಿ. ನಾಲ್ಕೇ ತುಂಡು ಹಾಕಿದರೆ ನೀರು ಕಡಿಮೆ ಸೇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಡಿಮೆ ಐಸ್ ಪೂರ್ತಿ ಕರಗಿಹೋಗುತ್ತದೆ, ಪಾನೀಯ ತೆಳುವೂ ಆಗುತ್ತದೆ, ತಣ್ಣಗೂ ಆಗದು.

10ರಿಂದ 12 ಸೆಕೆಂಡು ಕುಲುಕಿ. ಸ್ಟೀಲ್ ಶೇಕರಿನ ಹೊರಮೈ ಮೇಲೆ ಮಂಜು ಕಟ್ಟಿ, ಬೆರಳು ಅಂಟುವಂತಾದರೆ ಸಾಕು. ಫ್ಲಾಸ್ಕ್ ಥರದ ಎರಡು ಪದರದ ಬಾಟಲಿಯಲ್ಲಿ ಈ ಗುರುತು ಸಿಗುವುದಿಲ್ಲ, ಸೆಕೆಂಡು ಎಣಿಸಿಯೇ ನಿಲ್ಲಿಸಿ.

## ಹಂತ 10: ಸೋಸಿ ಬಡಿಸುವುದು

ಕುಲುಕಿದ ಕೂಡಲೇ ಟೀ ಜರಡಿ ಹಿಡಿದು ತಣ್ಣನೆಯ ಲೋಟಕ್ಕೆ ಒಂದೇ ಸಲ ಸುರಿಯಿರಿ. ಜರಡಿ ಐಸಿನ ಚೂರನ್ನು ತಡೆಯುತ್ತದೆ. ಅವು ಲೋಟಕ್ಕೆ ಬಿದ್ದರೆ ನೊರೆಯಲ್ಲಿ ತೂತು ಬೀಳುತ್ತದೆ. ಕೊನೆಯ ನೊರೆ ಶೇಕರಿನಲ್ಲೇ ಉಳಿಯುತ್ತದೆ, ತಳವನ್ನು ತಟ್ಟಿ ಇಳಿಸಿ. ಅರ್ಧ ನಿಮಿಷದಲ್ಲಿ ಕೆಳಗೆ ತಿಳಿ ಹಳದಿ, ಮೇಲೆ ಒಂದು ಸೆಂಟಿಮೀಟರಿನಷ್ಟು ಬಿಳಿ ಪದರ ಬೇರೆಯಾಗಿ ಕಾಣುತ್ತದೆ.

ಕಿತ್ತಳೆ ಸಿಪ್ಪೆಯ ಚೂರನ್ನು ಬಣ್ಣದ ಬದಿ ಕೆಳಗೆ ಮಾಡಿ, ಲೋಟದಿಂದ ಒಂದು ಗೇಣು ಮೇಲೆ ಹಿಡಿದು ಮಡಚಿ. ಕಣ್ಣಿಗೆ ಕಾಣುವಂತೆ ಎಣ್ಣೆಯ ತುಂತುರು ನೊರೆಯ ಮೇಲೆ ಬೀಳುತ್ತದೆ. ಮೊಟ್ಟೆಯ ಹಸಿ ವಾಸನೆಗೆ ಇದೇ ಮದ್ದು. ಜಾಯಿಕಾಯಿಯನ್ನು ತುರಿಮಣೆಯ ಮೇಲೆ ಎರಡು ಸಲ ಎಳೆದರೆ ಸಾಕು. ಕಿತ್ತಳೆ ತೊಳೆಯನ್ನು ನೊರೆಯ ಮೇಲೆ ಇಟ್ಟರೆ ಅದು ಮುಳುಗಿ ನೊರೆಯನ್ನೂ ಎಳೆದುಕೊಂಡು ಹೋಗುತ್ತದೆ.

ಈ ಒಂದು ಲೋಟದಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇದೆ. ಒಂದು ಡ್ರಿಂಕ್ ಅಂದರೆ 10 ಗ್ರಾಂ ಮದ್ಯಸಾರ ಎಂಬ ಲೆಕ್ಕದಲ್ಲಿ ಇದು ಎರಡು ಡ್ರಿಂಕ್‌ಗೆ ಸಮ. ಹುಳಿ ಸಿಹಿಯ ಮರೆಯಲ್ಲಿ ಅದು ಗೊತ್ತಾಗದೆ ಬೇಗ ಇಳಿಯುತ್ತದೆ. ಕುಡಿದವರು ಗಾಡಿ ಮುಟ್ಟಬಾರದು. ಗಾಡಿ ಓಡಿಸುವವರಿಗೆ ಭಾರತದ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ, ಒಂದೇ ಲೋಟದಲ್ಲಿ ಅದನ್ನು ದಾಟಬಹುದು. ಕಾನೂನು ಹೇಳುವ ವಯಸ್ಸಾಗದವರಿಗೆ, ಗರ್ಭಿಣಿಯರಿಗೆ ಕೊಡಬೇಡಿ. ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟುವುದು ಬೇಡ.

## ಕೆಟ್ಟರೆ ಎಲ್ಲಿ ನೋಡಬೇಕು

ನೊರೆ ಎದ್ದು ಒಂದು ನಿಮಿಷದಲ್ಲಿ ಕುಸಿಯಿತು. ಮೊದಲ ಅನುಮಾನ ಎಣ್ಣೆ ಅಥವಾ ಹಳದಿ. ಎರಡನೆಯದು ಐಸ್ ಇಲ್ಲದ ಕುಲುಕಾಟ ಸಾಲದ್ದು. ದೊಡ್ಡ ಗುಳ್ಳೆಗಳ ನೊರೆ ಕಂಡರೆ ಕಾರಣ ಖಂಡಿತ ಎರಡನೆಯದೇ.

ಕಹಿ. ಕುಡಿದ ಕೂಡಲೇ ಬಂದರೆ ಸಿಪ್ಪೆಯ ಬಿಳಿ ಅಥವಾ ನಿಂಬೆಯನ್ನು ಅತಿಯಾಗಿ ಹಿಂಡಿದ್ದು. ನುಂಗಿದ ಮೇಲೆ ಗಂಟಲಲ್ಲಿ ಉಳಿದರೆ ಮಸಾಲೆ ಸುಟ್ಟಿದೆ ಅಥವಾ ಲವಂಗ ಹೆಚ್ಚು ಹೊತ್ತು ನೆನೆದಿದೆ. ಅಂಥ ಪಾಕಕ್ಕೆ ಅದರಷ್ಟೇ ಸಾದಾ ಪಾಕ ಬೆರೆಸಿ ಉಳಿಸಿಕೊಳ್ಳಬಹುದು.

ಮಸಾಲೆ ಗೊತ್ತೇ ಆಗುತ್ತಿಲ್ಲ. ಪಾಕ ಹೆಚ್ಚು ಹಾಕಲು ಹೋಗಬೇಡಿ, ಸಿಹಿ ಏರುತ್ತದೆ. ಮುಂದಿನ ಸಲ ಕುಲುಕುವ ಮೊದಲು ಶೇಕರಿನಲ್ಲೇ ಎರಡು ಬಿಲ್ಲೆ ಹಸಿ ಶುಂಠಿ ಜಜ್ಜಿ.

ನೀರುನೀರು. ಐಸ್ ಒದ್ದೆಯಾಗಿತ್ತು, ಚಿಕ್ಕದಿತ್ತು ಅಥವಾ ಕಡಿಮೆ ಇತ್ತು.

## ನಾಲ್ಕಾರು ಜನರಿಗೆ ಮಾಡುವಾಗ

ವೋಡ್ಕಾ ಮತ್ತು ಪಾಕವನ್ನು ಲೆಕ್ಕ ಹಾಕಿ ಬೆಳಗ್ಗೆಯೇ ಒಂದು ಬಾಟಲಿಯಲ್ಲಿ ಬೆರೆಸಿಡಿ. ಆರು ಲೋಟಕ್ಕೆ 360 ಮತ್ತು 120 ಮಿ.ಲೀ. ನಿಂಬೆ, ಕಿತ್ತಳೆ ರಸ ನೆಂಟರು ಬರುವ ಅರ್ಧ ಗಂಟೆ ಮೊದಲು ಹಿಂಡಿ ಬೇರೆ ಇಡಿ. ಶೇಕರಿನಲ್ಲಿ ಒಂದು ಸಲಕ್ಕೆ ಎರಡೇ ಲೋಟ, ಮೂರಾದರೆ ಗಾಳಿ ಸೇರಲು ಜಾಗವಿಲ್ಲದೆ ನೊರೆ ಏಳದು. ಎರಡು ಲೋಟಕ್ಕೆ ಬಾಟಲಿಯಿಂದ 160, ನಿಂಬೆ 50, ಕಿತ್ತಳೆ 40, ಒಂದು ಮೊಟ್ಟೆಯ ಬಿಳಿ. ಪ್ರತಿ ಸುತ್ತಿಗೂ ಹೊಸ ಐಸ್.

## ಕಿತ್ತಳೆ ಕಾಲ ಮುಗಿದ ಮೇಲೆ

ಪಾಕದ ಮಸಾಲೆ ಅದೇ ಇರಲಿ, ಹಣ್ಣು ಬದಲಾದಂತೆ ನಿಂಬೆಯ ಲೆಕ್ಕ ಬದಲಿಸಿ. ಮಾವಿನ ಕಾಲದಲ್ಲಿ ನಾರಿಲ್ಲದ ಹಣ್ಣಿನ ತಿರುಳು 20 ಮಿ.ಲೀ. ಹಾಕಿ, ಅದಕ್ಕೆ ಹುಳಿ ಕಡಿಮೆ, ನಿಂಬೆ 30ಕ್ಕೆ ಏರಲಿ. ಚಕ್ಕೆಗಿಂತ ಏಲಕ್ಕಿ ಮುಂದಿರಲಿ. ಜೂನಿನ ನೇರಳೆಗೆ ಒಗರು ಜಾಸ್ತಿ. ಮೊಟ್ಟೆಯ ಬಿಳಿ ಆ ಒಗರನ್ನು ಹಿಡಿದಿಡುತ್ತದೆ, ಹಾಗಾಗಿ ನೇರಳೆ ಸವರ್‌ಗೆ ಕಡಲೆ ನೀರಿಗಿಂತ ಮೊಟ್ಟೆಯೇ ವಾಸಿ. ಮಲೆನಾಡಿನ ಮುರುಗಲು, ಅಂದರೆ ಕರಾವಳಿಯವರ ಪುನರ್ಪುಳಿ ಇದ್ದರೆ ಲೆಕ್ಕ ತಲೆಕೆಳಗು. ಅದು ತಾನೇ ಹುಳಿಯಾದ ಕಾರಣ ನಿಂಬೆಯನ್ನು 10 ಮಿ.ಲೀ.ಗೆ ಇಳಿಸಿ, ಸಕ್ಕರೆ ಹಾಕದ ಮಂದ ಪುನರ್ಪುಳಿ ರಸ 30 ಮಿ.ಲೀ. ಹಾಕಿ, ಕಿತ್ತಳೆ ರಸ ಬಿಟ್ಟುಬಿಡಿ. ಅಂಗಡಿಯ ಸಿಹಿ ಸಿರಪ್ ಆದರೆ ಮಸಾಲೆ ಪಾಕವನ್ನು ಅರ್ಧಕ್ಕೆ ಇಳಿಸಿ, ನಿಂಬೆಯನ್ನು ಹಂತ 7ರಲ್ಲಿ ರುಚಿ ನೋಡಿಯೇ ನಿರ್ಧರಿಸಿ.